ನಿಲ್ಲದ ಕೈಗಾ, ಕೂಡಿಡುವ ಕರೆಂಟು

2018ರ ಡಿಸೆಂಬರ್ 31ರಂದು ಕೈಗಾ ಅಣುವಿದ್ಯುತ್ ಕೇಂದ್ರದ ಒಂದನೇ ಘಟಕವನ್ನು ತಪಾಸಣೆಗೆಂದು ನಿಲ್ಲಿಸಿದರು. 2016ರ ಮೇ 13ರಂದು ಶುರುವಾದ ಓಟ ಅದು. 962 ದಿನ ಒಮ್ಮೆಯೂ ನಿಂತಿರಲಿಲ್ಲ. ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿಯಿತೆಂದು ಪತ್ರಿಕೆಗಳಲ್ಲಿ ಸುದ್ದಿಯೂ ಆಯಿತು. ಈ ಅವಧಿಯಲ್ಲಿ ಮೂರು ಮಳೆಗಾಲ ಬಂದುಹೋಗಿದ್ದವು. ಮಳೆ ಹಿಡಿದ ರಾತ್ರಿ ಎರಡು ಗಂಟೆಗೆ ಹೊಲದ ಪಂಪು ಬಂದ್, ಗಿರಣಿ ಬಂದ್, ಮನೆಯಲ್ಲಿ ಫ್ಯಾನೂ ಬೇಡ. ಅಂಥ ಹೊತ್ತಿನಲ್ಲೂ ಆ ಘಟಕ ತನ್ನ ಪಾಲಿನ ಸುಮಾರು 220 ಮೆಗಾವ್ಯಾಟನ್ನು ತಂತಿಗೆ ಬಿಡುತ್ತಲೇ ಇತ್ತು. ಯಾರಿಗೂ ಬೇಡವಾದ ಹೊತ್ತಿನ ಆ ಕರೆಂಟು ಏನಾಯಿತು?

ಕರೆಂಟನ್ನು ತಂತಿಯಲ್ಲಿ ಕೂಡಿಡಲು ಬರುವುದಿಲ್ಲ. ಜಾಲದಲ್ಲಿ ಎಷ್ಟು ಹುಟ್ಟುತ್ತದೋ ಅಷ್ಟು ಆ ಕ್ಷಣದಲ್ಲೇ ಖರ್ಚಾಗಬೇಕು. ಹೆಚ್ಚಾದರೆ ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ ತುಸು ಜೋರಾಗಿ ತಿರುಗಿ ಫ್ರೀಕ್ವೆನ್ಸಿ 50 ಹರ್ಟ್ಸ್ ದಾಟುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ನಮ್ಮ ದೇಶದಲ್ಲಿ ಅದು 49.90 ಮತ್ತು 50.05ರ ನಡುವೆ ಇರಬೇಕೆಂಬ ನಿಯಮವಿದೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕೂತವರು ಹಗಲೂ ರಾತ್ರಿ ಕಾಯುವುದು ಈ ಅಂಕಿಯನ್ನೇ. ಕೈಗಾ ಹಿಂದೆ ಸರಿಯದಿದ್ದರೆ ಬೇರೆ ಯಾರಾದರೂ ಸರಿಯಬೇಕು. ಕಲ್ಲಿದ್ದಲು ಸ್ವಲ್ಪ ಸರಿಯಿತು, ನೀರು ಬಹಳ ಸರಿಯಿತು.

ಕೈಗಾ ಯಾಕೆ ಸರಿಯುವುದಿಲ್ಲ ಎಂಬುದಕ್ಕೆ ಎರಡು ಕಾರಣ. ಒಂದು ದುಡ್ಡಿನದು. ಅಣುಸ್ಥಾವರದಲ್ಲಿ ಖರ್ಚೆಲ್ಲ ಕಟ್ಟುವಾಗಲೇ ಆಗಿಬಿಡುತ್ತದೆ. ಕೈಗಾದಲ್ಲಿ ಬರಲಿರುವ 5 ಮತ್ತು 6ನೇ ಘಟಕಗಳಿಗೆ (ತಲಾ 700 ಮೆಗಾವ್ಯಾಟ್) 2025ರಲ್ಲಿ ಕೊಟ್ಟ ಒಂದು ಗುತ್ತಿಗೆಯ ಮೊತ್ತವೇ ಸುಮಾರು 12,800 ಕೋಟಿ ರೂಪಾಯಿ. ಅದರೆದುರು ಯುರೇನಿಯಂ ಖರ್ಚು ಸಣ್ಣದು. ರಾತ್ರಿ ನಿಲ್ಲಿಸಿದರೆ ಉಳಿಯುವುದು ಅಷ್ಟಿಷ್ಟು ಇಂಧನ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಕಟ್ಟಿದ ಮೇಲೆ ಪೂರ್ತಿ ಓಡಿಸುವುದೇ ಲಾಭ.

ಎರಡನೆಯ ಕಾರಣ ರಿಯಾಕ್ಟರಿನ ಹೊಟ್ಟೆಯೊಳಗಿನದು. ಯುರೇನಿಯಂ ಒಡೆದಾಗ ಹುಟ್ಟುವ ಚೂರುಗಳಲ್ಲಿ ಅಯೋಡಿನ್-135 ಒಂದು. ಕೆಲವು ಗಂಟೆಗಳಲ್ಲಿ ಅದು ಜೆನಾನ್-135 ಆಗುತ್ತದೆ. ಈ ಜೆನಾನ್ ನ್ಯೂಟ್ರಾನ್ ನುಂಗುವುದರಲ್ಲಿ ಭಾರಿ ನಿಸ್ಸೀಮ. ರಿಯಾಕ್ಟರ್ ಓಡುತ್ತಿರುವಾಗ ಹುಟ್ಟಿದ ಜೆನಾನ್ ನ್ಯೂಟ್ರಾನಿಗೆ ಸಿಕ್ಕಿ ಅಲ್ಲಲ್ಲೇ ಕರಗುತ್ತಿರುತ್ತದೆ. ನಿಲ್ಲಿಸಿದಾಗ ಕರಗಿಸುವವರು ಇಲ್ಲ, ಆದರೆ ಮೊದಲೇ ಹುಟ್ಟಿದ್ದ ಅಯೋಡಿನ್ ಮಾತ್ರ ಜೆನಾನ್ ಆಗುತ್ತಲೇ ಇರುತ್ತದೆ. ಕೈಗಾದಲ್ಲಿ ಸುಡುವುದು ನೈಸರ್ಗಿಕ ಯುರೇನಿಯಂ, ಅದರಲ್ಲಿ ಹೆಚ್ಚಿನ ಕಸುವು ಕೈಯಲ್ಲಿ ಉಳಿದಿರುವುದಿಲ್ಲ. ಹಾಗಾಗಿ ನಿಂತ ಮೇಲೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಶುರು ಮಾಡದಿದ್ದರೆ, ಜೆನಾನ್ ತಾನಾಗಿ ಇಳಿಯುವ ತನಕ ಹೆಚ್ಚುಕಡಿಮೆ ಒಂದೂವರೆ ದಿನ ಕೈಕಟ್ಟಿ ಕೂರಬೇಕು. ರಾತ್ರಿ ಹತ್ತಕ್ಕೆ ಆರಿಸಿ ಬೆಳಗ್ಗೆ ಆರಕ್ಕೆ ಹೊತ್ತಿಸುವ ಒಲೆ ಇದಲ್ಲ.

ಅಣುಸ್ಥಾವರದ ಉತ್ಪಾದನೆಯನ್ನು ಏರಿಳಿಸಲು ಬರುವುದೇ ಇಲ್ಲ ಎಂದಲ್ಲ. ಫ್ರಾನ್ಸಿನವರು ತಮ್ಮ ಸ್ಥಾವರಗಳನ್ನು ದಿನವೂ ಏರಿಸಿ ಇಳಿಸುತ್ತಾರೆ. ಕೆನಡಾದ ಬ್ರೂಸ್ ಸ್ಥಾವರದಲ್ಲಿ ಇನ್ನೊಂದು ಉಪಾಯವಿದೆ. ಅಲ್ಲಿರುವುದು ಕೈಗಾದ ಹಾಗೆಯೇ ಭಾರಜಲದ ರಿಯಾಕ್ಟರುಗಳು, ಗಾತ್ರದಲ್ಲಿ ಬಹಳ ದೊಡ್ಡವು. ಕರೆಂಟು ಬೇಡವಾದಾಗ ರಿಯಾಕ್ಟರನ್ನು ಹೆಚ್ಚು ಮುಟ್ಟದೆ, ಉಗಿಯನ್ನು ಟರ್ಬೈನಿಗೆ ಬಿಡುವ ಬದಲು ನೇರ ಕಂಡೆನ್ಸರಿಗೆ ಬಿಡುತ್ತಾರೆ. ಬಿಸಿಯೆಲ್ಲ ಹ್ಯೂರಾನ್ ಸರೋವರದ ಪಾಲು. ಜಾಲಕ್ಕೆ ಅನುಕೂಲವಾಯಿತು ಸರಿ, ಆದರೆ ಕಾಯಿಸಿದ್ದೆಲ್ಲ ನೀರುಪಾಲು. ಅಣುಸ್ಥಾವರಕ್ಕೆ ಸಂಗ್ರಹ ಜೋಡಿಸುವ ಮಾತು ಹುಟ್ಟುವುದು ಈ ನಷ್ಟದಿಂದಲೇ.

ಆ ಮಾತು ಹೊಸದೇನಲ್ಲ. ಅಮೆರಿಕದಲ್ಲಿ 1972ರಲ್ಲಿ ನಾರ್ತ್‌ಫೀಲ್ಡ್ ಮೌಂಟನ್, 1973ರಲ್ಲಿ ಮಿಷಿಗನ್ ಸರೋವರದ ದಂಡೆಯ ಲಡಿಂಗ್ಟನ್ ಪಂಪ್ಡ್ ಸ್ಟೋರೇಜ್ ಕೇಂದ್ರಗಳು ಶುರುವಾದವು. ರಾತ್ರಿ ಅಣುಸ್ಥಾವರದ ಹೆಚ್ಚುವರಿ ಕರೆಂಟಿನಿಂದ ನೀರನ್ನು ಗುಡ್ಡದ ಮೇಲಿನ ಕೆರೆಗೆ ಏರಿಸುವುದು, ಹಗಲು ಬೇಡಿಕೆ ಬಂದಾಗ ಇಳಿಸಿ ಕರೆಂಟು ತೆಗೆಯುವುದು. ಜಪಾನಿನಲ್ಲಿ ಅಣುಸ್ಥಾವರಗಳು ಹೆಚ್ಚಿದಂತೆ ಇಂಥ ಕೆರೆಗಳೂ ಹೆಚ್ಚಿದವು. ಫ್ರಾನ್ಸಿನಲ್ಲಿ ಮನೆಮನೆಯ ನೀರಿನ ಹೀಟರುಗಳನ್ನೇ ರಾತ್ರಿಯ ಅಗ್ಗದ ದರದಲ್ಲಿ ಕಾಯುವ ಹಾಗೆ ಮಾಡಿದರು. ಬೆಳಗಿನ ಸ್ನಾನದ ಬಿಸಿನೀರಿನಲ್ಲಿ ರಾತ್ರಿಯ ಅಣುಶಕ್ತಿ ಕೂತಿರುತ್ತಿತ್ತು.

ಕರ್ನಾಟಕದಲ್ಲಿ ಈ ಕೆಲಸ ಮಾಡಿದ್ದು ಕಾಳಿ ನದಿ. ಇದನ್ನು ಯಾರೂ ಸಂಗ್ರಹ ಎಂದು ಕರೆಯಲಿಲ್ಲ ಅಷ್ಟೆ. ಗಣೇಶಗುಡಿಯ ಸೂಪಾ ಅಣೆಕಟ್ಟೆಯಲ್ಲಿ ಸುಮಾರು 147 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿಂದ ಬಿಟ್ಟ ನೀರು ಬೊಮ್ಮನಹಳ್ಳಿ ಜಲಾಶಯಕ್ಕೆ ಬಂದು, ಸುರಂಗ ಹೊಕ್ಕು ನಾಗಝರಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ನಾಗಝರಿಯ ಸಾಮರ್ಥ್ಯ ಹೆಚ್ಚುಕಡಿಮೆ 900 ಮೆಗಾವ್ಯಾಟ್. ಕೆಳಗೆ ಕೊಡಸಳ್ಳಿ, ಇನ್ನೂ ಕೆಳಗೆ ಕದ್ರಾ, ಇವೆರಡರ ನಡುವೆ ಕೈಗಾ. ಕೈಗಾದ ನಾಲ್ಕು ಘಟಕ ಸೇರಿದರೆ 880 ಮೆಗಾವ್ಯಾಟ್. ಒಂದೇ ನದಿಯ ಮೇಲೆ ಹೆಚ್ಚುಕಡಿಮೆ ಒಂದೇ ತೂಕದ ಎರಡು ಕೇಂದ್ರಗಳು. ಒಂದು ಯಾವತ್ತೂ ನಿಲ್ಲದ್ದು, ಇನ್ನೊಂದು ಕೆಲವೇ ನಿಮಿಷಗಳಲ್ಲಿ ಎದ್ದು ಕೆಲವೇ ನಿಮಿಷಗಳಲ್ಲಿ ಮಲಗುವಂಥದ್ದು. ರಾತ್ರಿ ಕೈಗಾದ ಕರೆಂಟು ಸಾಕಾದರೆ ನಾಗಝರಿಯ ಗೇಟು ಇಳಿಸಿ ಸೂಪಾದ ನೀರನ್ನು ಸಂಜೆಗೆ ಉಳಿಸಿಕೊಳ್ಳಬಹುದು. ಪಂಪು ಬೇಕಿಲ್ಲ, ಏರಿಸುವ ನಷ್ಟವಿಲ್ಲ. ಬಳಸದೆ ಉಳಿಸಿದ ನೀರೇ ಕೂಡಿಟ್ಟ ಕರೆಂಟು. ಒಂದು ತೊಡಕಿದೆ: ಕೈಗಾಕ್ಕೆ ತಂಪು ನೀರು ಸಿಗುವುದು ಕದ್ರಾ ಜಲಾಶಯದಿಂದ. ಅಲ್ಲಿನ ಮಟ್ಟ ಕಾಯ್ದುಕೊಂಡೇ ಮೇಲಿನ ಆಟವೆಲ್ಲ ನಡೆಯಬೇಕು. ಇನ್ನು ಮಳೆಗಾಲದಲ್ಲಿ ಜಲಾಶಯ ತುಂಬಿ ಕೋಡಿ ಹರಿಯುವಾಗ ನೀರನ್ನು ತಡೆದಿಡಲು ಜಾಗವೂ ಇರುವುದಿಲ್ಲ.

ಈಗ ಗದಗಿನ ಕಡೆ ಬರೋಣ. ಮುಂಡರಗಿ ತಾಲ್ಲೂಕಿನ ಡೋಣಿಯಲ್ಲಿ ನಿಂತು ಕಪ್ಪತಗುಡ್ಡದ ಸಾಲು ನೋಡಿದರೆ ಏಣಿನುದ್ದಕ್ಕೂ ಗಾಳಿಯಂತ್ರಗಳು. ಕೈಗಾ ಇಲ್ಲಿಂದ ನೇರ ಗೆರೆಯಲ್ಲಿ ಒಂದೂವರೆ ನೂರು ಕಿ.ಮೀ. ಒಳಗೇ. ಕೈಗಾದ 400 ಕೆ.ವಿ. ಲೈನುಗಳಲ್ಲಿ ಒಂದು ಘಟ್ಟ ಹತ್ತಿ ಧಾರವಾಡದ ಪಕ್ಕದ ನರೇಂದ್ರಕ್ಕೆ ಬರುತ್ತದೆ, ಇನ್ನೊಂದು ಹರಿಹರದ ಕಡೆಯ ಗುತ್ತೂರಿಗೆ. ಗದಗ ಜಿಲ್ಲೆಯ ಹೊಸ ಗಾಳಿ, ಬಿಸಿಲು ಯೋಜನೆಗಳಿಗೆಂದು ರೂಪಿಸಿದ ಪೂಲಿಂಗ್ ಸ್ಟೇಷನ್ನಿನ ಲೈನಿನ ಮುಖವೂ ನರೇಂದ್ರದ ಕಡೆಗೇ. ಯಾರನ್ನೂ ಕೇಳದೆ ಬೀಸುವ ಗಾಳಿ ಮತ್ತು ಯಾರು ಹೇಳಿದರೂ ನಿಲ್ಲದ ಅಣು, ಎರಡೂ ಧಾರವಾಡದ ಬದಿಯಲ್ಲಿ ಒಂದೇ ಜಾಲಕ್ಕೆ ಬಂದು ಬೀಳುತ್ತವೆ.

ಇಲ್ಲಿಯೇ ಹಳೆಯ ಲೆಕ್ಕ ತಲೆಕೆಳಗಾಗಿರುವುದು. ಲಡಿಂಗ್ಟನ್ ಕಾಲದಲ್ಲಿ ಹೆಚ್ಚುವರಿ ಕರೆಂಟು ರಾತ್ರಿ ಇರುತ್ತಿತ್ತು. ಈಗ ಪಾವಗಡದಂಥ ಸೋಲಾರ್ ಪಾರ್ಕು ಒಂದರಲ್ಲೇ 2,050 ಮೆಗಾವ್ಯಾಟ್ ಸಾಮರ್ಥ್ಯವಿದೆ. ಬಿಸಿಲೇರಿದ ಮಧ್ಯಾಹ್ನ ಜಾಲ ತುಂಬಿ ತುಳುಕುತ್ತದೆ, ಸಂಜೆ ಏಳಕ್ಕೆ ಎಲ್ಲ ಮನೆಗಳ ದೀಪ ಹೊತ್ತುವಾಗ ಬಿಸಿಲು ಶೂನ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪ್ಪತಗುಡ್ಡದ ಗಾಳಿಯೂ ಜೋರು, ಅದೇ ಹೊತ್ತಿಗೆ ಜಲಾಶಯಗಳೂ ತುಂಬುತ್ತವೆ, ಪಂಪ್‌ಸೆಟ್ಟಿನ ಬೇಡಿಕೆ ಮಾತ್ರ ಕುಸಿದಿರುತ್ತದೆ. ಜಪಾನಿನ ಕ್ಯೂಶು ದ್ವೀಪದಲ್ಲಿ ಅಣುಸ್ಥಾವರದ ಕಾಲದಲ್ಲಿ ರಾತ್ರಿ ನೀರೆತ್ತುತ್ತಿದ್ದ ಪಂಪುಗಳು ಈಗ ಮಧ್ಯಾಹ್ನ ಎತ್ತುತ್ತವೆ. ಕೆರೆ ಅದೇ, ಪಂಪು ಅದೇ, ಗಡಿಯಾರ ಬದಲಾಯಿತು. ಹೀಗಾಗಿ 'ಅಣುಸ್ಥಾವರಕ್ಕೆ ಬ್ಯಾಟರಿ' ಎಂದು ಅದರ ಗೇಟಿನ ಪಕ್ಕವೇ ಕಟ್ಟಬೇಕೆಂದು ಹಟ ಹಿಡಿಯುವುದರಲ್ಲಿ ನನಗೆ ಹೆಚ್ಚಿನ ಅರ್ಥ ಕಾಣುವುದಿಲ್ಲ. ಸಂಗ್ರಹ ಬೇಕಿರುವುದು ಜಾಲಕ್ಕೆ. ತುಂಬುವ ಯುನಿಟ್ಟು ಕೈಗಾದ್ದೋ ಕಪ್ಪತಗುಡ್ಡದ್ದೋ ಎಂದು ನೀರು ಕೇಳುವುದಿಲ್ಲ.

ನೀರೆತ್ತುವ ಲೆಕ್ಕವನ್ನು ಒಮ್ಮೆ ಕೈಯಾರೆ ಹಾಕಿ ನೋಡಬೇಕು. ಮನೆಯ ಮೇಲಿಡುವ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ತೆಗೆದುಕೊಳ್ಳಿ. ಅದನ್ನು 300 ಮೀಟರ್ ಎತ್ತರದಲ್ಲಿಟ್ಟು ಅಲ್ಲಿಂದ ನೀರನ್ನು ಟರ್ಬೈನಿನ ಮೇಲೆ ಇಳಿಸಿದರೆ ಸಿಗುವುದು ಮುಕ್ಕಾಲು ಯುನಿಟ್ಟು. ದಿನಕ್ಕೆ ಮೂರು ಯುನಿಟ್ಟು ಸುಡುವ ಮನೆಗೆ ಅಂಥ ನಾಲ್ಕು ಟ್ಯಾಂಕು ನೀರು ಬೇಕು. ಎತ್ತರ ಹೆಚ್ಚಿದಷ್ಟು ನೀರು ಕಡಿಮೆ ಸಾಕು. ಶರಾವತಿ ಕಣಿವೆಯಲ್ಲಿ ಮೇಲಿನ ತಲಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೂ 460 ಮೀಟರ್‌ಗಿಂತ ಹೆಚ್ಚಿನ ಅಂತರವಿದೆ. ಅಲ್ಲಿ ಅದೇ ಸಾವಿರ ಲೀಟರು ಒಂದು ಯುನಿಟ್ಟಿಗಿಂತ ತುಸು ಹೆಚ್ಚೇ ಕೊಡುತ್ತದೆ. ಕೈಗಾದ ಒಂದು ಘಟಕದ 220 ಮೆಗಾವ್ಯಾಟನ್ನು ಆರು ಗಂಟೆ ಕೊಡಬಲ್ಲಷ್ಟು, ಅಂದರೆ 13.2 ಲಕ್ಷ ಯುನಿಟ್ಟು ಬೇಕಾದರೆ, ಈ ಎತ್ತರದಲ್ಲಿ ಒಂದು ಟಿಎಂಸಿಯ ಇಪ್ಪತ್ತೈದನೇ ಒಂದು ಪಾಲು ನೀರು ಸಾಕು. ಅದೇ ನೀರು ಮೇಲೆ ಕೆಳಗೆ ಓಡಾಡುತ್ತಿರುತ್ತದೆ, ಆವಿಯಾದದ್ದನ್ನಷ್ಟೇ ತುಂಬಿಕೊಳ್ಳಬೇಕು. ಆದರೆ 13.2 ಲಕ್ಷ ಯುನಿಟ್ಟು ಹೊರಗೆ ಬರಲು ಒಳಗೆ ಸುಮಾರು 17 ಲಕ್ಷ ಹಾಕಬೇಕು. ನೂರು ಹಾಕಿದರೆ ವಾಪಸು ಬರುವುದು 75ರಿಂದ 80. ಸಂಗ್ರಹ ಅಂದರೆ ಉತ್ಪಾದನೆಯಲ್ಲ, ಬಾಡಿಗೆ ಕೊಟ್ಟು ಹೊತ್ತು ಬದಲಿಸಿಕೊಳ್ಳುವ ವ್ಯವಹಾರ. ಈ ಬಾಡಿಗೆಯನ್ನು ಮುಚ್ಚಿಟ್ಟು ಮಾತಾಡುವ ಯೋಜನಾ ವರದಿ ಕಂಡರೆ ಸಂಶಯಪಡಿ.

ಶರಾವತಿಯ ಈ ಎರಡು ಜಲಾಶಯಗಳ ನಡುವೆ ಸುರಂಗ ಕೊರೆದು 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಮಾಡುವ ಪ್ರಸ್ತಾವವೇ ಇವತ್ತು ಮಲೆನಾಡಿನಲ್ಲಿ ದೊಡ್ಡ ಜಗಳ. ನೀರಿನ ಲೆಕ್ಕದಲ್ಲಿ ಅದಕ್ಕಿಂತ ಚಂದದ ಜಾಗ ಸಿಗುವುದು ಕಷ್ಟ. ಕಾಡಿನ ಲೆಕ್ಕದಲ್ಲಿ ಅದಕ್ಕಿಂತ ಕೆಟ್ಟ ಜಾಗ ಸಿಗುವುದೂ ಕಷ್ಟ, ಅದು ಸಿಂಗಳೀಕಗಳ ಅಭಯಾರಣ್ಯ. ನಮ್ಮ ಕಡೆ ಬಯಲುಸೀಮೆಗೆ ಹತ್ತಿರವೆಂದರೆ ಸವದತ್ತಿಯ ಬಳಿ ಖಾಸಗಿ ಕಂಪನಿಯೊಂದು ಯೋಜಿಸಿರುವ ಪಂಪ್ಡ್ ಸ್ಟೋರೇಜ್. ಹಾಗಾದರೆ ಕಪ್ಪತಗುಡ್ಡದ ಮೇಲೇ ಒಂದು ಕೆರೆ ಯಾಕಾಗಬಾರದು ಎಂದು ಯಾರಾದರೂ ಕೇಳಬಹುದು, ಎತ್ತರವಂತೂ ಇದೆ. ಆದರೆ ಗುಡ್ಡ 2019ರಿಂದ ವನ್ಯಜೀವಿಧಾಮ. ಸುತ್ತಲೂ ಮಳೆ ಕಮ್ಮಿಯ ನೆಲ. ಗಣಿಯವರಿಂದ ಆ ಗುಡ್ಡವನ್ನು ಉಳಿಸಿಕೊಳ್ಳಲು ಈ ಭಾಗದ ಮಠಗಳೂ ಜನರೂ ವರ್ಷಗಟ್ಟಲೆ ಬಡಿದಾಡಿದ್ದಾರೆ. ಈಗ ಕರೆಂಟಿನ ಹೆಸರಲ್ಲಿ ಅದನ್ನು ಅಗೆಯುವ ಮಾತು ಬೇಡ.

ನೀರು ಬಿಟ್ಟರೆ ಬಿಸಿಯನ್ನೇ ಕೂಡಿಡುವ ದಾರಿ ಇದೆ. ಅಮೆರಿಕದ ವಯೋಮಿಂಗ್ ರಾಜ್ಯದ ಕೆಮರರ್‌ನಲ್ಲಿ ಟೆರಾಪವರ್ ಕಂಪನಿ 2024ರ ಜೂನ್‌ನಲ್ಲಿ ಕೆಲಸ ಆರಂಭಿಸಿದ ನೇಟ್ರಿಯಂ ಸ್ಥಾವರದ ವಿಶೇಷವೇ ಅದು. ರಿಯಾಕ್ಟರ್ 345 ಮೆಗಾವ್ಯಾಟಿನದು. ಅದರ ಬಿಸಿ ಮೊದಲು ಕರಗಿದ ಉಪ್ಪಿನ ತೊಟ್ಟಿಗೆ ಹೋಗುತ್ತದೆ, ಬೇಡಿಕೆ ಬಂದಾಗ ತೊಟ್ಟಿಯ ಬಿಸಿಯಿಂದ ಐದೂವರೆ ಗಂಟೆ ಕಾಲ 500 ಮೆಗಾವ್ಯಾಟ್ ತೆಗೆಯಬಹುದು. ರಿಯಾಕ್ಟರ್ ಏರಿಳಿಯುವುದಿಲ್ಲ, ಟರ್ಬೈನ್ ಏರಿಳಿಯುತ್ತದೆ. ಕೈಗಾದಲ್ಲಿ ಇದು ಆಗದು. ಆ ಉಪ್ಪು ಅಂದರೆ ಸೋಡಿಯಂ ಮತ್ತು ಪೊಟ್ಯಾಸಿಯಂ ನೈಟ್ರೇಟಿನ ಮಿಶ್ರಣ, ಸುಮಾರು 220ರಿಂದ 240 ಡಿಗ್ರಿಯ ಆಸುಪಾಸಿಗೆ ಇಳಿದರೆ ಗಟ್ಟಿಯಾಗಿಬಿಡುತ್ತದೆ. ಅದನ್ನು ದುಡಿಸುವುದು 290ರಿಂದ 565 ಡಿಗ್ರಿಯ ನಡುವೆ. ಕೈಗಾದ ಉಗಿ ಇರುವುದೇ 250 ಡಿಗ್ರಿಯ ಸುತ್ತಮುತ್ತ. ನೇಟ್ರಿಯಂನಲ್ಲಿ ರಿಯಾಕ್ಟರನ್ನು ತಂಪಾಗಿಸುವುದು ದ್ರವ ಸೋಡಿಯಂ, ಅದು 500 ಡಿಗ್ರಿ ಮೀರಿ ಕಾಯುತ್ತದೆ. ಅಮೆರಿಕದಲ್ಲಿ ಆಯಿತೆಂದು ಇಲ್ಲಿಯೂ ಆದೀತೆನ್ನುವವರು ಮೊದಲು ಥರ್ಮಾಮೀಟರ್ ನೋಡಬೇಕು.

ಇನ್ನು ಬ್ಯಾಟರಿ. ಈಗಿನ ಒಂದು ಲಿಥಿಯಂ ಕಂಟೇನರಿನಲ್ಲಿ, ಅಂದರೆ ಲಾರಿಯ ಮೇಲೆ ಬರುವ ಇಪ್ಪತ್ತಡಿ ಪೆಟ್ಟಿಗೆಯಲ್ಲಿ, ಸುಮಾರು 5,000 ಯುನಿಟ್ಟು ಹಿಡಿಯುತ್ತದೆ. ಮೇಲೆ ಹೇಳಿದ 13.2 ಲಕ್ಷಕ್ಕೆ ಅಂಥ 260ಕ್ಕೂ ಹೆಚ್ಚು ಪೆಟ್ಟಿಗೆ ಬೇಕು. ವಾಪಸು ಕೊಡುವುದು ನೂರಕ್ಕೆ 85ರ ಮೇಲೆ, ನೀರಿಗಿಂತ ಮೇಲು. ಸುರಂಗ ಬೇಡ, ಸಬ್‌ಸ್ಟೇಷನ್ನಿನ ಪಕ್ಕದ ಬಯಲು ಸಾಕು. ಆಯುಷ್ಯ ಮಾತ್ರ ಜಲಾಶಯದಷ್ಟಿಲ್ಲ. ಬ್ಯಾಟರಿಯ ನಿಜವಾದ ಬಲ ಅದರ ವೇಗ. ನಾಳೆ 700 ಮೆಗಾವ್ಯಾಟಿನ ಘಟಕವೊಂದು ಒಮ್ಮೆಲೇ ಟ್ರಿಪ್ ಆದರೆ ಫ್ರೀಕ್ವೆನ್ಸಿ ಕ್ಷಣಾರ್ಧದಲ್ಲಿ ಜಾರಲು ಶುರುವಾಗುತ್ತದೆ. ನಿಂತಿದ್ದ ನೀರಿನ ಟರ್ಬೈನ್ ಏಳುವ ಹೊತ್ತಿಗೆ ನಿಮಿಷಗಳು ಕಳೆದಿರುತ್ತವೆ, ಬ್ಯಾಟರಿ ಸೆಕೆಂಡಿನೊಳಗೆ ಕೈ ಕೊಡುತ್ತದೆ.

ಬ್ಯಾಟರಿ ಎಂದಾಗ ಒಂದು ಗೊಂದಲವನ್ನೂ ಬಿಡಿಸಬೇಕು. ಪ್ರತಿ ಅಣುಸ್ಥಾವರದ ಒಳಗೂ ಬ್ಯಾಟರಿ ಸಾಲುಗಳಿವೆ, ಡೀಸೆಲ್ ಜನರೇಟರುಗಳಿವೆ. ಅವು ಜಾಲಕ್ಕಲ್ಲ, ಸ್ಥಾವರದ ಪ್ರಾಣಕ್ಕೆ. ರಿಯಾಕ್ಟರ್ ಆರಿದ ಮರುಕ್ಷಣವೂ ಒಳಗಿನ ಬಿಸಿಯಲ್ಲಿ ನೂರಕ್ಕೆ ಆರೇಳು ಪಾಲು ಉಳಿದಿರುತ್ತದೆ. ಕೈಗಾದ ಒಂದು ಘಟಕಕ್ಕೆ ಅದು ಸುಮಾರು 50 ಮೆಗಾವ್ಯಾಟಿನಷ್ಟು ಬಿಸಿ. ಅದನ್ನು ತಣಿಸಲು ನೀರು ಓಡುತ್ತಿರಬೇಕು, ಓಡಿಸಲು ಕರೆಂಟು ಬೇಕು. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ, ಕೈಗಾದಂಥದ್ದೇ 220 ಮೆಗಾವ್ಯಾಟಿನ ಘಟಕದಲ್ಲಿ, ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿತು. ಕೇಬಲುಗಳು ಸುಟ್ಟು, ಜನರೇಟರಿದ್ದರೂ ಅದರ ಕರೆಂಟು ಪಂಪಿಗೆ ತಲುಪಲಿಲ್ಲ. ಸುಮಾರು 17 ಗಂಟೆ ಸ್ಥಾವರ ಕತ್ತಲಲ್ಲಿತ್ತು. ಆಗ ಕಾಪಾಡಿದ್ದು ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಎಂಜಿನಿನ ಪಂಪುಗಳು. 2011ರಲ್ಲಿ ಫುಕುಶಿಮಾದಲ್ಲಿ ಸುನಾಮಿಯ ನೀರು ನುಗ್ಗಿ ಜನರೇಟರೂ ಬ್ಯಾಟರಿಯೂ ಮುಳುಗಿದಾಗ ಏನಾಯಿತೆಂದು ಜಗತ್ತೇ ನೋಡಿತು. ಹೊರಗೆ ಜಾಲಕ್ಕೆಂದು ಎಷ್ಟು ದೊಡ್ಡ ಬ್ಯಾಟರಿ ಇಟ್ಟರೂ ಒಳಗಿನ ಈ ವ್ಯವಸ್ಥೆಯನ್ನು ಅದರ ಭರವಸೆಯಲ್ಲಿ ಸಡಿಲಿಸುವಂತಿಲ್ಲ.

ಇಷ್ಟೆಲ್ಲದರ ನಡುವೆ ಯಾವ ವರದಿಯೂ ಸಂಗ್ರಹವೆಂದು ಬರೆಯದ ಒಂದು ಸಂಗ್ರಹ ನಮ್ಮ ಹೊಲಗಳಲ್ಲೇ ಇದೆ. ರಾಜ್ಯದ ಒಟ್ಟು ಕರೆಂಟಿನಲ್ಲಿ ಮೂರನೇ ಒಂದು ಪಾಲಿನಷ್ಟು ನೀರಾವರಿ ಪಂಪ್‌ಸೆಟ್ಟಿಗೆ ಹೋಗುತ್ತದೆ. ದಿನಕ್ಕೆ ಏಳು ಗಂಟೆ ತ್ರೀಫೇಸ್ ಎಂಬ ಲೆಕ್ಕದಲ್ಲಿ ಪಾಳಿ ಹಾಕಿ ಕೊಡುವಾಗ ಒಂದಷ್ಟು ಫೀಡರಿಗೆ ನಡುರಾತ್ರಿಯ ಪಾಳಿ ಬೀಳುತ್ತಿತ್ತು, ಈಗಲೂ ಬೀಳುತ್ತದೆ. 'ಹಗಲಿನ್ಯಾಗ ಕರೆಂಟ್ ಕೊಡ್ರಿ, ರಾತ್ರಿ ಹಾವು ಚೇಳಿನ ನಡುವ ಯಾರ್ರೀ ನೀರ ಹಾಯಸ್ತಾರ' ಎಂಬುದು ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಎಲ್ಲ ರೈತ ಸಭೆಗಳಲ್ಲಿ ಕೇಳುವ ಮಾತು. ಸ್ಟಾರ್ಟರ್ ಪೆಟ್ಟಿಗೆಗೆ ಆಟೋ ಸ್ವಿಚ್ ಹಾಕಿಸಿ ಮಲಗಿದರೆ ಕರೆಂಟು ಬಂದೊಡನೆ ಮೋಟರು ತಾನೇ ಏಳುತ್ತದೆ. ಎಲ್ಲರ ಮೋಟರೂ ಒಟ್ಟಿಗೇ ಎದ್ದು ವೋಲ್ಟೇಜ್ ಕುಸಿದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುವುದೂ ಉಂಟು. ರಾತ್ರಿಯೂ ನಿಲ್ಲದ ಸ್ಥಾವರಗಳ ಕರೆಂಟಿಗೆ ಬಾಯಿಯಾಗಿ ಇಷ್ಟು ವರ್ಷ ನಿದ್ದೆಗೆಟ್ಟವರು ಈ ರೈತರು. ಫ್ರಾನ್ಸಿನ ಹೀಟರು ಮಾಡಿದ ಕೆಲಸವನ್ನೇ ಇವರ ಬೋರ್‌ವೆಲ್ಲು ಮಾಡಿತು, ಆದರೆ ಫ್ರಾನ್ಸಿನವರು ಆ ಹೊತ್ತಿನಲ್ಲಿ ಹಾಸಿಗೆಯಲ್ಲಿದ್ದರು.

ಈಗ ಹೆಚ್ಚುವರಿ ಮಧ್ಯಾಹ್ನಕ್ಕೆ ಬಂದಿರುವಾಗ ಈ ಪಾಳಿಯನ್ನು ಹಗಲಿಗೆ ತಿರುಗಿಸುವುದಕ್ಕಿಂತ ಅಗ್ಗದ ಸಂಗ್ರಹ ಇನ್ನೊಂದಿಲ್ಲ. ಫೀಡರಿನ ಪಕ್ಕದಲ್ಲೇ ಸೋಲಾರ್ ಘಟಕ ಹಾಕುವ ಕುಸುಮ್-ಸಿ ಯೋಜನೆಯ ಉದ್ದೇಶವೂ ಇದೇ. ಹಮ್ಮಿಗಿಯ ಬಳಿ ತುಂಗಭದ್ರೆಯ ನೀರೆತ್ತುವ ಸಿಂಗಟಾಲೂರು ಏತ ನೀರಾವರಿಯ ದೊಡ್ಡ ಪಂಪುಗಳಿಗೂ ಇದು ಸಲ್ಲುತ್ತದೆ. ಅವು ಅರ್ಧ ಪಂಪ್ಡ್ ಸ್ಟೋರೇಜ್ ಇದ್ದ ಹಾಗೆ. ಏರಿದ ನೀರು ಕರೆಂಟಾಗಿ ಇಳಿಯದೆ ಕಾಲುವೆಗೆ ಹೋಗುತ್ತದೆ, ಆದರೆ ಯಾವಾಗ ಏರಿಸಬೇಕೆಂಬುದು ನಮ್ಮ ಕೈಯಲ್ಲಿದೆ. ಗಾಳಿ ಬಿಸಿಲು ಹೆಚ್ಚಿದ್ದಾಗ ಏರಿಸಿ, ಸಂಜೆ ಆರರಿಂದ ಹತ್ತರವರೆಗೆ ನಿಲ್ಲಿಸಿದರೆ ಅಷ್ಟು ಹೊರೆ ಜಾಲದಿಂದ ಇಳಿಯಿತು.

ಇದರಿಂದ ಎಲ್ಲ ಬಗೆಹರಿಯುತ್ತದೆ ಎನ್ನುವುದಿಲ್ಲ. ಆಷಾಢದ ಗಾಳಿಯನ್ನು ಏಪ್ರಿಲಿನ ಬೇಸಿಗೆಗೆ ಕೂಡಿಡಲು ಆರು ಗಂಟೆಯ ಕೆರೆಗೂ ಆಗದು, ಎರಡು ಗಂಟೆಯ ಬ್ಯಾಟರಿಗೂ ಆಗದು. ಆ ಕೆಲಸ ಸೂಪಾ, ಲಿಂಗನಮಕ್ಕಿಯಂಥ ದೊಡ್ಡ ಜಲಾಶಯಗಳಿಂದ ಮಾತ್ರ ಸಾಧ್ಯ. ಕೈಗಾ 5, 6 ಓಡತೊಡಗಿದ ಮೇಲೆ ನಿಲ್ಲದ ಕರೆಂಟಿಗೆ ಇನ್ನೂ 1,400 ಮೆಗಾವ್ಯಾಟ್ ಸೇರುತ್ತದೆ. ಆಗ ಹೊಸ ಸಂಗ್ರಹ ಬೇಕೇ ಬೇಕು, ಎಲ್ಲೋ ಒಂದು ಕಡೆ ಕಟ್ಟಲೇಬೇಕು. ಅಂಥ ಯೋಜನೆಯ ಅಹವಾಲು ಸಭೆ ನಿಮ್ಮ ತಾಲ್ಲೂಕಿನಲ್ಲಿ ನಡೆದರೆ ಎಷ್ಟು ಮೆಗಾವ್ಯಾಟ್ ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟು ಗಂಟೆ ಕೊಡುತ್ತದೆ, ನೂರಕ್ಕೆ ಎಷ್ಟು ವಾಪಸು ಬರುತ್ತದೆ, ಬೇಸಿಗೆಯಲ್ಲಿ ಅದಕ್ಕೆ ನೀರು ಎಲ್ಲಿಂದ ತರುತ್ತೀರಿ, ಈ ಮೂರನ್ನೂ ಕೇಳಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.